‘ಒಳ್ಳೇ ಲಾಯರ್ ಹಿಡೀರಿ’ ಅನ್ನೋರಿಗೆ

ಬೆಂಗಳೂರಿನಲ್ಲಿ ಯಾರನ್ನಾದರೂ ಪೊಲೀಸರು ಕರ್ಕೊಂಡು ಹೋದ್ರು ಅಂತ ಸುದ್ದಿ ಬಂದ ತಕ್ಷಣ ಬಂಧುಬಳಗ, ಆಫೀಸಿನವರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನವರು, ಎಲ್ಲರೂ ಕೊಡುವ ಸಲಹೆ ಒಂದೇ: ‘ಮೊದ್ಲು ಒಂದು ಒಳ್ಳೇ ಲಾಯರ್ ಹಿಡೀರಿ.’ ಹೇಳಿದವರು ತಮ್ಮ ಕೆಲಸ ಆಯ್ತು ಅನ್ನುವ ಹಾಗೆ ಫೋನ್ ಇಡ್ತಾರೆ. ಎಲ್ಲಿ ಹಿಡೀಬೇಕು, ಒಳ್ಳೆಯವರು ಅಂತ ಗೊತ್ತಾಗೋದು ಹೇಗೆ, ದುಡ್ಡೆಷ್ಟು, ಆ ದುಡ್ಡು ರಾತ್ರಿ ಹತ್ತು ಗಂಟೆಗೆ ಎಲ್ಲಿಂದ ಬರಬೇಕು, ಇದ್ಯಾವುದೂ ಆ ಸಲಹೆಯ ಒಳಗಿಲ್ಲ. ಈ ಬರಹದಲ್ಲಿ ನನ್ನ ಜಗಳ ಇರೋದು ಆ ಒಂದು ವಾಕ್ಯದ ಜೊತೆಗೆ.

ನಾವು ಬೆಲೆ ಕೇಳದೆ ಏನನ್ನೂ ಕೊಳ್ಳದ ಪೀಳಿಗೆ. ಇಯರ್‌ಫೋನ್ ತಗೊಳ್ಳೋಕೆ ನಾಲ್ಕು ಆ್ಯಪ್ ತೆರೆದು ಹೋಲಿಸ್ತೀವಿ. ಹೆರಿಗೆಗೆ ಆಸ್ಪತ್ರೆ ಹುಡುಕುವಾಗ ‘ನಾರ್ಮಲ್‌ಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಡೀಲಕ್ಸ್ ರೂಮಿಗೆ ಎಷ್ಟು’ ಅಂತ ಪಟ್ಟಿ ಕೇಳ್ತೀವಿ, ಅವರೂ ಕೊಡ್ತಾರೆ. ಆದರೆ ಜಾಮೀನು ಅರ್ಜಿಗೆ ಎಷ್ಟು? ಬೆಂಗಳೂರಲ್ಲಿ ಹತ್ತು ವರ್ಷ ಕೆಲಸ ಮಾಡಿ, ಇಎಂಐ ಕಟ್ಟಿ, ಟರ್ಮ್ ಇನ್ಶೂರೆನ್ಸ್ ಮಾಡಿಸಿ, ಮ್ಯೂಚುವಲ್ ಫಂಡ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನನ್ನ ಸ್ನೇಹಿತರಲ್ಲಿ ಒಬ್ಬರಿಗೂ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಕೇಳಿದರೆ ‘ಅದು ನಮ್ಮಂಥವರಿಗೆ ಯಾಕೆ ಬೇಕು’ ಅಂತ ಮುಖ ನೋಡ್ತಾರೆ.

ನಮ್ಮಂಥವರು ಅಂದ್ರೆ ಯಾರು? ಚೆಕ್ ಬೌನ್ಸ್ ಆದವರು ನಮ್ಮಂಥವರೇ. ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಕಾರಿಗೆ ಸ್ಕೂಟರ್ ಅಡ್ಡ ಬಂದು ಸವಾರ ಸತ್ತರೆ ಸ್ಟೇಷನ್ನಿಗೆ ಹೋಗುವವರು ನಮ್ಮಂಥವರೇ. ಮದುವೆ ಮುರಿದು ಬಿದ್ದಾಗ, ಸ್ಟಾರ್ಟಪ್ಪಿನ ಪಾಲುದಾರರು ಕಿತ್ತಾಡಿಕೊಂಡಾಗ, ಕೆಲಸ ಬಿಟ್ಟ ಕಂಪನಿ ‘ಡೇಟಾ ಕದ್ದಿದ್ದಾನೆ’ ಅಂತ ದೂರು ಕೊಟ್ಟಾಗ, ಫೇಸ್‌ಬುಕ್ಕಿನಲ್ಲಿ ಬರೆದದ್ದು ಯಾರದೋ ಭಾವನೆಗೆ ತಾಗಿದಾಗ, ಬಾಗಿಲು ತಟ್ಟುವುದು ನಮ್ಮ ಮನೆಯದ್ದೇ.

ಒಂದು ಲೆಕ್ಕ ಹೇಳ್ತೀನಿ. ನನ್ನ ಚಿಕ್ಕಪ್ಪನ ಮಗ ಪೀಣ್ಯದ ಕಡೆ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ತಿದ್ದ. ಸಂಬಳ 32,000. ಲೆಕ್ಕದಲ್ಲಿ ಆರು ಲಕ್ಷ ಹೊಂದಿಕೆ ಆಗ್ತಿಲ್ಲ ಅಂತ ಮಾಲೀಕರು ದೂರು ಕೊಟ್ಟರು. ಒಂದು ಶುಕ್ರವಾರ ‘ಸ್ವಲ್ಪ ವಿಚಾರಣೆ ಇದೆ, ಬಂದು ಹೋಗಿ’ ಅಂತ ಸ್ಟೇಷನ್ನಿಂದ ಫೋನ್ ಬಂತು. ಬಂದ, ಆದರೆ ಹೋಗಲಿಲ್ಲ. ಸಂಜೆ ಬಂಧನ ಅಂತ ತೋರಿಸಿದರು. ಶುಕ್ರವಾರವೇ ಯಾಕೆ ಅನ್ನೋದನ್ನು ಕೋರ್ಟಿನ ಹತ್ತಿರ ಟೀ ಮಾರುವವರನ್ನು ಕೇಳಿ, ಹೇಳ್ತಾರೆ. ಶನಿವಾರ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು, ಹದಿನಾಲ್ಕು ದಿನ ನ್ಯಾಯಾಂಗ ಬಂಧನ, ಪರಪ್ಪನ ಅಗ್ರಹಾರ.

ಅವನು ದುಡ್ಡು ಹೊಡೆದಿದ್ನಾ? ನನಗೆ ಗೊತ್ತಿಲ್ಲ. ಇದನ್ನು ಓದುವವರಲ್ಲಿ ಅರ್ಧ ಜನ ಈಗಾಗಲೇ ಆ ಪ್ರಶ್ನೆ ಕೇಳಿಕೊಂಡಿರ್ತೀರಿ, ಕೇಳಿಕೊಳ್ಳಿ, ತಪ್ಪಿಲ್ಲ. ಆದರೆ ಮುಂದಿನ ಲೆಕ್ಕಕ್ಕೂ ಆ ಉತ್ತರಕ್ಕೂ ಯಾವ ಸಂಬಂಧವೂ ಇಲ್ಲ. ಹೊಡೆದಿದ್ದರೂ ಇಷ್ಟೇ ಖರ್ಚು, ಹೊಡೆಯದಿದ್ದರೂ ಇಷ್ಟೇ. ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ಶುಕ್ರವಾರ ರಾತ್ರಿ ಯಾರೋ ಕೊಟ್ಟ ನಂಬರಿನ ವಕೀಲರು ಸ್ಟೇಷನ್ ಹತ್ತಿರ ಬಂದರು. ‘ಯಜಮಾನ್ರೇ, ನಾಳೆ ರಿಮ್ಯಾಂಡ್ ಟೈಮಲ್ಲಿ ನಾನಿರ್ತೀನಿ, ಈಗ ಐವತ್ತು ಕೊಡಿ’ ಅಂದರು. ಐವತ್ತು ಅಂದ್ರೆ ಐವತ್ತು ಸಾವಿರ. ಚಿಕ್ಕಪ್ಪ ತುಮಕೂರಿನಿಂದ ಬಸ್ಸಿನಲ್ಲಿ ಬಂದಿದ್ದರು, ಜೇಬಲ್ಲಿ ನಾಲ್ಕು ಸಾವಿರ ಇತ್ತು. ಗೂಗಲ್ ಪೇ ಮಾಡ್ತೀನಿ ಅಂದ್ರೆ ಬೇಡ, ಕ್ಯಾಷ್. ನಾನು ಎರಡು ಎಟಿಎಂ ಸುತ್ತಿ ತಂದುಕೊಟ್ಟೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಜಾಮೀನು ಅರ್ಜಿಗೆ ಬೇರೆ ಒಂದು ಲಕ್ಷ. ಎಂಟನೇ ದಿನ ಅರ್ಜಿ ವಜಾ ಆಯ್ತು. ಸೆಷನ್ಸ್‌ಗೆ ಹೋಗಬೇಕು, ಅದಕ್ಕೆ ‘ಸೀನಿಯರ್’ ಬೇಕು ಅಂದರು. ನಾವು ಬೇರೆ ವಕೀಲರ ಹತ್ತಿರ ಹೋದೆವು. ಆಗ ಹಳಬರು ‘ಎನ್‌ಒಸಿ’ ಕೊಡೋಕೆ, ಕಾಗದಪತ್ರ ಬಿಟ್ಟುಕೊಡೋಕೆ ಇನ್ನೂ ನಲವತ್ತು ಸಾವಿರ ಬಾಕಿ ಇದೆ ಅಂದರು. ಯಾವ ಲೆಕ್ಕದ ಬಾಕಿ ಅಂತ ಕೇಳುವ ಸ್ಥಿತಿಯಲ್ಲಿ ಚಿಕ್ಕಪ್ಪ ಇರಲಿಲ್ಲ, ಮಗ ಒಳಗಿದ್ದ. ಕೊಟ್ಟೆವು. ಹೊಸಬರಿಗೆ ಒಂದೂವರೆ ಲಕ್ಷ. ಪ್ರಮಾಣಿತ ನಕಲು, ಟೈಪಿಂಗ್, ಆಟೋ, ಮತ್ತೆ ‘ವಗೈರೆ’ ಅನ್ನುವ ಒಂದು ಬಾಬ್ತು, ಎಲ್ಲ ಸೇರಿ ಮೂವತ್ತು ಸಾವಿರ. ಒಟ್ಟು 3,70,000. ಹುಡುಗನ ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಇದಕ್ಕೆ ಚಿಕ್ಕಮ್ಮನ ಎರಡೆಳೆ ಸರ, ಬಳೆ ಗಿರವಿಗೆ ಹೋದವು. ಕೇಸ್ ಇನ್ನೂ ಶುರುವಾಗಿಲ್ಲ ಅನ್ನೋದು ನೆನಪಿರಲಿ. ಇದು ಬರೀ ಹೊರಗೆ ಬರೋಕೆ ಆದ ಖರ್ಚು. ಒಂದು ಪೈಸೆಗೂ ರಸೀದಿ ಇಲ್ಲ.

ಹಾಗಾದರೆ ಆ ಮೊದಲ ಒಂದೂವರೆ ಲಕ್ಷಕ್ಕೆ ನಮಗೆ ಸಿಕ್ಕಿದ್ದೇನು? ನಾನು ಆ ಅರ್ಜಿ ಓದಿದ್ದೇನೆ. ಆರೋಪಿ ಅಮಾಯಕ, ಕುಟುಂಬಕ್ಕೆ ಆಧಾರ, ತಲೆಮರೆಸಿಕೊಳ್ಳುವುದಿಲ್ಲ ಎಂಬ, ಯಾರ ಹೆಸರು ಹಾಕಿದರೂ ಒಪ್ಪುವ ಎರಡು ಪುಟ. ಅದರಲ್ಲಿ ಇಲ್ಲದಿದ್ದದ್ದು ಕೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕಣ್ಣುಮುಚ್ಚಿ ಬಂಧಿಸುವ ಹಾಗಿಲ್ಲ, ಯಾಕೆ ಬಂಧನ ಅಗತ್ಯ ಅಂತ ಕಾರಣ ಬರೆಯಬೇಕು, ಅಗತ್ಯ ಇಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 35ನೇ ಸೆಕ್ಷನ್. ಅದನ್ನು ಪಾಲಿಸದೆ ಬಂಧಿಸಿದರೆ ಆರೋಪಿಗೆ ಜಾಮೀನು ಕೇಳಲು ಅದೇ ಒಂದು ಆಧಾರ ಅಂತ 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಹೇಳಿದೆ. ನಮ್ಮ ಹುಡುಗನ ಮೇಲಿದ್ದ ಎರಡೂ ಆರೋಪಗಳಿಗೆ ಗರಿಷ್ಠ ಶಿಕ್ಷೆ ಏಳು ವರ್ಷ. ನೋಟಿಸ್ ಬಂದಿರಲಿಲ್ಲ, ಬಂದದ್ದು ಫೋನ್. ಎರಡನೇ ವಕೀಲರು ಕಡತ ನೋಡಿ ಐದು ನಿಮಿಷಕ್ಕೆ ಹೇಳಿದ್ದು ಇದನ್ನೇ. ಮೊದಲನೆಯವರಿಗೆ ಇದು ಗೊತ್ತಿರಲಿಲ್ಲವೋ, ಬರೆಯೋಕೆ ಪುರುಸೊತ್ತಿರಲಿಲ್ಲವೋ. ಅಂತೂ ಇಪ್ಪತ್ತನಾಲ್ಕನೇ ದಿನ ಸೆಷನ್ಸ್ ಕೋರ್ಟು ಜಾಮೀನು ಕೊಟ್ಟಿತು.

ಇಂಥ ಅನುಭವ ಆಸ್ಪತ್ರೆಯಲ್ಲಿ ಆಗಿದ್ದರೆ ನಾವು ಏನು ಮಾಡ್ತಿದ್ವಿ? ಗ್ರಾಹಕರ ಆಯೋಗಕ್ಕೆ ಹೋಗ್ತಿದ್ವಿ. ವೈದ್ಯರ ಸೇವೆ ಗ್ರಾಹಕ ಕಾನೂನಿನ ಅಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಮಾನಿಸಿತು. ವಕೀಲರ ಸೇವೆ? ಆ ಪ್ರಶ್ನೆ 2024ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂತು. ಬರುವುದಿಲ್ಲ ಅಂತ ಉತ್ತರ ಬಂತು. ವಕೀಲಿಕೆ ಬೇರೆ ಯಾವುದಕ್ಕೂ ಹೋಲಿಸಲಾಗದ ವೃತ್ತಿ ಅಂತ ಕಾರಣ. ಮಾಜಿ ವಕೀಲರು ಕೂತು, ಹಾಲಿ ವಕೀಲರ ವಾದ ಕೇಳಿ, ವಕೀಲರ ಬಗ್ಗೆ ಕೊಟ್ಟ ತೀರ್ಪು ಅಂತ ಕುಹಕ ಆಡುವ ಮನಸ್ಸಾಗುತ್ತೆ. ಆ ತೀರ್ಪಿನಲ್ಲಿ ಗಟ್ಟಿ ತರ್ಕವೂ ಇದೆ ಅನ್ನೋದನ್ನು ಒಪ್ತೀನಿ. ವಕೀಲನಿಗೆ ಕೋರ್ಟಿನ ಕಡೆಗೂ ಕರ್ತವ್ಯ ಇದೆ, ಸೋತ ಪ್ರತಿಯೊಬ್ಬನೂ ತನ್ನ ವಕೀಲನ ಮೇಲೆ ಕೇಸ್ ಹಾಕ್ತಾ ಹೋದರೆ ಕೋರ್ಟು ನಡೆಯೋದಿಲ್ಲ. ಸರಿ. ಆದರೆ ಸೋತದ್ದಕ್ಕಲ್ಲ, ರಸೀದಿ ಕೊಡದ್ದಕ್ಕೆ, ಬರಬೇಕಾದ ದಿನ ಬಾರದ್ದಕ್ಕೆ ನಾನು ಎಲ್ಲಿ ಹೋಗಲಿ? ವಕೀಲರ ಪರಿಷತ್ತಿಗೆ ಹೋಗಿ ಅಂತಾರೆ. ಅಂದ್ರೆ ವಕೀಲರ ಮೇಲಿನ ದೂರನ್ನು ವಕೀಲರೇ ಆರಿಸಿ ಕಳಿಸಿದ ವಕೀಲರ ಸಮಿತಿಗೆ ಕೊಡಬೇಕು.

ಇನ್ನೊಂದು ಕಡೆ ನೋಡಿ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದು. ಗೆದ್ದರೆ ಮಾತ್ರ ಇಷ್ಟು ಪಾಲು ಅಂತ ಫೀಸು ಮಾತಾಡುವ ಹಾಗೂ ಇಲ್ಲ. ಎರಡಕ್ಕೂ ಒಳ್ಳೆಯ ಉದ್ದೇಶವೇ ಇದೆ. ನ್ಯಾಯ ಅನ್ನೋದು ಸೋಪು, ಶಾಂಪೂ ಆಗಬಾರದು ಅಂತ. ಆದರೆ ನಡೆದದ್ದೇನು? ಜಾಹೀರಾತು ಇಲ್ಲ ಅಂದಮೇಲೆ ದರವೂ ಹೊರಗೆ ಗೊತ್ತಾಗಲ್ಲ. ದರ ಗೊತ್ತಾಗದ ಕಡೆ ಮಧ್ಯವರ್ತಿ ಹುಟ್ಟಿಕೊಳ್ತಾನೆ. ಸ್ಟೇಷನ್ನಿನ ಎದುರು ಜೆರಾಕ್ಸ್ ಅಂಗಡಿಯವನು, ಒಬ್ಬ ಹೋಂಗಾರ್ಡ್, ‘ನಮ್ ಸಾರ್ ಇದಾರೆ, ಇದೇ ಸ್ಟೇಷನ್ ಕೇಸುಗಳೇ ಮಾಡೋದು’ ಅನ್ನುವ ಬಿಳಿ ಶರ್ಟಿನವನು. ಫಲಕ ಹಾಕಬಾರದು ಅನ್ನುವ ನಿಯಮದ ಕೆಳಗೆ ಬೆಳೆದದ್ದು ಈ ಪಿಸುಮಾತಿನ ಜಾಹೀರಾತು. ಇದು ಕೊಡುವ ಮಾಹಿತಿ ಒಂದೇ: ‘ಅವರು ಭಾರೀ ಲಾಯರ್ರು.’

ಬಂಧನದ ಹೊತ್ತಿನ ವ್ಯಾಪಾರದಲ್ಲಿ ಗಡಿಯಾರ ಪೂರ್ತಿ ಒಬ್ಬರ ಕಡೆ ಇರುತ್ತೆ. ಸಂವಿಧಾನದ 22ನೇ ವಿಧಿಯ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಈ 24 ಗಂಟೆ ನಿಮ್ಮ ರಕ್ಷಣೆಗೆ ಇಟ್ಟದ್ದು. ಆದರೆ ಸ್ಟೇಷನ್ನಿನ ಹೊರಗೆ ನಿಂತ ಅಪ್ಪನಿಗೆ ಅದು ಇಪ್ಪತ್ತನಾಲ್ಕು ಗಂಟೆಯೊಳಗೆ ದುಡ್ಡು ಹೊಂದಿಸಬೇಕಾದ ಗಡುವು. ಚೌಕಾಸಿ ಮಾಡೋ ಹಾಗಿಲ್ಲ, ಇನ್ನೊಬ್ಬರನ್ನು ವಿಚಾರಿಸೋಕೆ ಟೈಮಿಲ್ಲ, ಕೇಳಿದ್ದನ್ನು ಕೊಟ್ಟು ವಕಾಲತ್ತಿಗೆ ಸಹಿ ಹಾಕಿಸಬೇಕು. ಇದನ್ನು ಫೀಸು ಅಂತ ಕರೆಯೋಕೆ ನನಗೆ ನಾಲಗೆ ಬರಲ್ಲ. ಮಗ ಒಳಗಿದ್ದಾಗ ಅಪ್ಪನ ಹತ್ತಿರ ನಿಗದಿಯಾಗುವ ಮೊತ್ತಕ್ಕೆ ಹಳ್ಳಿಯಲ್ಲಿ ಬೇರೆ ಹೆಸರಿದೆ.

ವಕೀಲ ಸ್ನೇಹಿತರು ಇಲ್ಲಿಗೆ ಸಿಟ್ಟಾಗಿರ್ತಾರೆ. ಅವರ ಮಾತಲ್ಲೂ ಸತ್ಯ ಇದೆ. ನಾವು ಕೋಟು ನೋಡಿ ಎಲ್ಲ ವಕೀಲರೂ ಸಿರಿವಂತರು ಅಂದುಕೊಳ್ತೀವಿ. ಸೀನಿಯರ್ ಆಫೀಸಿನಲ್ಲಿ ನಾಲ್ಕೈದು ವರ್ಷ ಪುಡಿಗಾಸಿಗೆ ಕಡತ ಹೊರುವ ಜೂನಿಯರ್‌ಗಳು ನನ್ನ ಪರಿಚಯದಲ್ಲೇ ಇದ್ದಾರೆ. ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಬರೀ ಶಿಫಾರಸು, ಕಡ್ಡಾಯ ಏನಲ್ಲ. ಡೆಲಿವರಿ ಹುಡುಗನಿಗಿಂತ ಕಡಿಮೆ ದುಡಿಯುವ ಹುಡುಗ ಒಂದು ದಿನ ಸ್ವಂತ ಬೋರ್ಡು ಹಾಕಿದಾಗ, ಸಿಕ್ಕ ಮೊದಲ ಗಾಬರಿಯ ಅಪ್ಪನಿಂದ ಅಷ್ಟೂ ವರ್ಷದ ಬಾಕಿ ವಸೂಲಿಗೆ ಇಳಿದರೆ ಆಶ್ಚರ್ಯ ಇಲ್ಲ. ಆದರೆ ಅದಕ್ಕೆ ಚಿಕ್ಕಮ್ಮನ ಬಳೆ ಯಾಕೆ ಹೊಣೆ? ಅವನ ಸೀನಿಯರನ್ನು ಕೇಳಬೇಕು.

ಇನ್ನು ಕೆಲವು ಕೇಸುಗಳಲ್ಲಿ ದುಡ್ಡಿದ್ದರೂ ಲಾಯರ್ ಸಿಗಲ್ಲ. 2020ರ ಫೆಬ್ರವರಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಾದಿಸಬಾರದು ಅಂತ ಹುಬ್ಬಳ್ಳಿಯ ವಕೀಲರ ಸಂಘ ನಿರ್ಣಯ ಮಾಡಿತ್ತು. ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಯಾಗಿತ್ತು. ನಮ್ಮ ಹೈಕೋರ್ಟು ತರಾಟೆಗೆ ತಗೊಂಡಿತು, ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಗಿ ಬಂತು. ಹಾಗೆ ರಕ್ಷಣೆಯಲ್ಲಿ ಹೋದವರೂ ವಕೀಲರೇ ಅನ್ನೋದನ್ನು ಮರೀಬಾರದು.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಇದು ವಕೀಲರಿಗೆ ಹೇಳುವುದಲ್ಲ, ನಮ್ಮವರಿಗೆ.

ಸರ್ಕಾರ ಕೊಡುವ ಉಚಿತ ವಕೀಲರು ಅಂದಾಗ ನಮ್ಮ ಮುಖದಲ್ಲಿ ಒಂದು ಭಾವ ಬರುತ್ತೆ. ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ ಅಂದಾಗ ಬರುವ ಅದೇ ಭಾವ. ‘ಅದು ಬಡವರಿಗೆ.’ ಮೊದಲನೆಯದಾಗಿ ಅದು ಸುಳ್ಳು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ತೆಗೆದು ಓದಿ. ಯಾರಿಗೆಲ್ಲ ಉಚಿತ ನೆರವು ಅನ್ನುವ ಪಟ್ಟಿಯಲ್ಲಿ ಪರಿಶಿಷ್ಟರು, ಮಕ್ಕಳು, ಅಂಗವಿಕಲರು, ಕಾರ್ಮಿಕರು, ಕಡಿಮೆ ಆದಾಯದವರು ಇದ್ದಾರೆ. ಅದೇ ಪಟ್ಟಿಯಲ್ಲಿ ‘ಮಹಿಳೆ’ ಅಂತಿದೆ, ಆದಾಯದ ಮಿತಿ ಇಲ್ಲ. ‘ಬಂಧನದಲ್ಲಿರುವ ವ್ಯಕ್ತಿ’ ಅಂತಲೂ ಇದೆ, ಅದಕ್ಕೂ ಆದಾಯದ ಮಿತಿ ಇಲ್ಲ. ವರ್ಷಕ್ಕೆ ಮೂವತ್ತು ಲಕ್ಷ ಪ್ಯಾಕೇಜಿನ ಇಂಜಿನಿಯರ್ ಪೊಲೀಸ್ ಕಸ್ಟಡಿಯಲ್ಲಿದ್ದರೆ ಅವನೂ ಅರ್ಹ. ಕಾಯ್ದೆ ಬರೆದವರಿಗೆ ಒಂದು ವಿಷಯ ಗೊತ್ತಿತ್ತು. ಬೀಗ ಹಾಕಿದ ಕೋಣೆಯೊಳಗೆ ಎಟಿಎಂ ಕಾರ್ಡಿಗೆ ಬೆಲೆ ಇಲ್ಲ.

ಎರಡನೆಯದಾಗಿ ಇದು ದಯೆ ಅಲ್ಲ. 1978ರಿಂದ 1986ರವರೆಗಿನ ಎಂಟು ವರ್ಷಗಳಲ್ಲಿ ಕೃಷ್ಣ ಅಯ್ಯರ್, ಭಗವತಿ ಅವರಂಥ ನ್ಯಾಯಮೂರ್ತಿಗಳು ಕಟ್ಟಿದ ಹಕ್ಕು. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೀತಿದ್ದವರ ಹುಸೈನಾರಾ ಖಾತೂನ್ ಪ್ರಕರಣ 1979ರದ್ದು. ಭಾಗಲ್ಪುರದಲ್ಲಿ ಪೊಲೀಸರು ಆರೋಪಿಗಳ ಕಣ್ಣು ಕಿತ್ತ ಪ್ರಕರಣದಲ್ಲಿ, ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದ ಕ್ಷಣದಿಂದಲೇ ವಕೀಲರನ್ನು ಕೊಡಬೇಕು, ದುಡ್ಡಿಲ್ಲ ಅಂತ ಸರ್ಕಾರ ನೆಪ ಹೇಳುವ ಹಾಗಿಲ್ಲ ಅಂತ 1980ರಲ್ಲಿ ತೀರ್ಪಾಯ್ತು. ಆರೋಪಿ ಕೇಳಲಿಲ್ಲ ಅನ್ನುವ ಕಾರಣಕ್ಕೆ ವಕೀಲರಿಲ್ಲದೆ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟರೆ ಅದು ನಿಲ್ಲದು ಅಂತ 1986ರ ಸುಕ್ ದಾಸ್ ಪ್ರಕರಣ. ಕಡೆಗೆ 2012ರಲ್ಲಿ ಅಜ್ಮಲ್ ಕಸಬ್‌ನ ಗಲ್ಲುಶಿಕ್ಷೆ ಎತ್ತಿಹಿಡಿದ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ವಕೀಲರ ಹಕ್ಕಿನ ಬಗ್ಗೆ ಆರೋಪಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ, ತಪ್ಪಿದರೆ ಅವರ ಮೇಲೆ ಇಲಾಖಾ ಕ್ರಮ ಆಗಬಹುದು ಅಂತ ಹೇಳಿತು. ‘ಕಸಬ್‌ಗೆ ಯಾಕ್ರೀ ಲಾಯರ್’ ಅಂತ ಆಗ ಕೂಗಾಡಿದವರಿಗೆ ಗೊತ್ತಿಲ್ಲ, ಆ ಕಡತದಿಂದ ಬಂದ ಮಾತು ನಾಳೆ ಅವರ ಮಗನ ಪರವಾಗಿ ಕೆಲಸಕ್ಕೆ ಬರುತ್ತೆ.

ಮೂರನೆಯದು ಗುಣಮಟ್ಟದ ಪ್ರಶ್ನೆ. ‘ಬಿಟ್ಟಿ ಲಾಯರ್ ಏನು ವಾದ ಮಾಡ್ತಾರೆ?’ ಹಳೆಯ ಪದ್ಧತಿಯಲ್ಲಿ ಈ ದೂರಿಗೆ ಕಾರಣ ಇತ್ತು. ಖಾಸಗಿ ವಕೀಲರ ಪಟ್ಟಿಯಿಂದ ಒಬ್ಬರಿಗೆ ಕೇಸ್ ಒಪ್ಪಿಸಿ ಚೂರುಪಾರು ಗೌರವಧನ ಕೊಡ್ತಿದ್ದರು, ಅವರ ಗಮನ ದುಡ್ಡು ಕೊಡುವ ಕಕ್ಷಿದಾರರ ಕಡೆಗೇ ಇರ್ತಿತ್ತು. 2022ರಿಂದ ಇದರ ಜೊತೆಗೆ ಇನ್ನೊಂದು ವ್ಯವಸ್ಥೆ ಬಂದಿದೆ. ಕ್ರಿಮಿನಲ್ ಕೇಸುಗಳಿಗೆ ಅಂತಲೇ ಜಿಲ್ಲೆಗಳಲ್ಲಿ ಪೂರ್ಣಾವಧಿ ಕಾನೂನು ನೆರವು ಅಭಿರಕ್ಷಕರು, ಮುಖ್ಯ, ಉಪ, ಸಹಾಯಕ ಅಂತ ಮೂರು ಹಂತ, ಖಾಸಗಿ ಕೇಸ್ ಹಿಡಿಯುವ ಹಾಗಿಲ್ಲ. ಸರ್ಕಾರದ ಪರ ವಾದಿಸುವ ಅಭಿಯೋಜಕರಿಗೆ ಹೇಗೆ ಸಂಬಳದ ಕಚೇರಿ ಇದೆಯೋ ಹಾಗೆ ಆರೋಪಿಯ ಪರ ಒಂದು ಕಚೇರಿ.

ನಮ್ಮ ಹುಡುಗನ ಅರ್ಜಿ ಮುಂದಕ್ಕೆ ಹೋಗ್ತಿದ್ದ ದಿನಗಳಲ್ಲಿ ನೃಪತುಂಗ ರಸ್ತೆಯ ಕೋರ್ಟಿನಲ್ಲಿ ಅಂಥ ಒಬ್ಬ ವಕೀಲೆಯನ್ನು ನೋಡಿದೆ. ಮೊಬೈಲ್ ಕದ್ದ ಆರೋಪದ ಹತ್ತೊಂಬತ್ತರ ಹುಡುಗ. ಬಂಧನದ ಕಾರಣ ಬರೆದಿಲ್ಲ, ವಶಪಡಿಸಿಕೊಳ್ಳೋದು ಏನೂ ಬಾಕಿ ಇಲ್ಲ, ಹಿಂದೆ ಕೇಸ್ ಇಲ್ಲ ಅಂತ ಮೂರು ವಾಕ್ಯದಲ್ಲಿ ಹೇಳಿದರು. ಜಾಮೀನು ಸಿಕ್ಕಿತು. ನಾವು ಒಂದೂವರೆ ಲಕ್ಷ ಕೊಟ್ಟರೂ ಕೇಳಿಸದಿದ್ದ ವಾದ ಅಲ್ಲಿ ಪುಕ್ಕಟೆ ಕೇಳಿಸಿತು. ಎಲ್ಲ ಕಡೆ ಹೀಗೇ ಇರುತ್ತೆ ಅಂತ ನಾನು ಹೇಳಲ್ಲ. ಆ ವಕೀಲೆಯ ಕೈಯಲ್ಲಿ ಅವತ್ತು ಎಷ್ಟು ಕಡತ ಇತ್ತು ಅಂದ್ರೆ ಒಂದು ಕೇಸಿನ ಹೆಸರು ಕೂಗಿದಾಗ ಹುಡುಕೋಕೆ ಒಂದು ನಿಮಿಷ ಬೇಕಾಯ್ತು. ಹತ್ತು ಜನರ ಕೆಲಸ ಇಬ್ಬರ ಮೇಲೆ ಹಾಕಿ ‘ನೋಡಿ, ಸರ್ಕಾರಿ ಲಾಯರ್ರು ಹೀಗೇ’ ಅಂದರೆ ಅದು ಮೋಸ.

ಮಧ್ಯಮ ವರ್ಗ ಬಿಟ್ಟುಹೋದ ಸರ್ಕಾರಿ ಸೇವೆ ಏನಾಗುತ್ತೆ ಅಂತ ನಮಗೆ ಗೊತ್ತು. ಶಾಲೆಯಲ್ಲಿ ನೋಡಿದ್ದೀವಿ. ಗಲಾಟೆ ಮಾಡುವವರು, ಇಂಗ್ಲಿಷಿನಲ್ಲಿ ಮೇಲ್ ಬರೆಯುವವರು, ಟ್ವೀಟ್ ಹಾಕುವವರು ಎಲ್ಲ ಖಾಸಗಿಗೆ ಹೋದಮೇಲೆ ಉಳಿದವರ ದೂರು ಯಾರಿಗೂ ಕೇಳಿಸಲ್ಲ. ಒಂದು ಗುಂಡಿ ಬಿದ್ದರೆ ಪಾಲಿಕೆಯನ್ನು ಟ್ಯಾಗ್ ಮಾಡುವ ನಾವು, ನಮ್ಮ ಜಿಲ್ಲೆಯಲ್ಲಿ ಇಂಥ ಅಭಿರಕ್ಷಕರು ಎಷ್ಟು ಜನ, ಒಬ್ಬೊಬ್ಬರ ಮೇಲೆ ಎಷ್ಟು ಕೇಸು ಅಂತ ಯಾವತ್ತಾದರೂ ಕೇಳಿದ್ದೀವಾ?

‘ನನ್ನ ಟ್ಯಾಕ್ಸ್ ದುಡ್ಡಲ್ಲಿ ಕಳ್ಳರಿಗೆ ಲಾಯರ್ ಯಾಕೆ?’ ಅನ್ನುವವರಿದ್ದಾರೆ. ಈ ಪ್ರಶ್ನೆಯಲ್ಲೇ ತೀರ್ಪು ಆಗಿಹೋಗಿದೆ, ಕಳ್ಳ ಅಂತ. ನಿಮ್ಮ ಟ್ಯಾಕ್ಸ್ ದುಡ್ಡಲ್ಲಿ ಪೊಲೀಸರಿಗೆ ಸಂಬಳ, ಅಭಿಯೋಜಕರಿಗೆ ಸಂಬಳ, ಜಡ್ಜಿಗೆ ಸಂಬಳ, ಜೈಲಿನಲ್ಲಿ ಮುದ್ದೆ ಸಾರು. ನಾಲ್ಕು ಕಾಲಿನ ಮೇಜಿಗೆ ಮೂರು ಕಾಲಿಗೆ ದುಡ್ಡು ಕೊಟ್ಟು ನಾಲ್ಕನೆಯದಕ್ಕೆ ಮಾತ್ರ ಲೆಕ್ಕ ಕೇಳ್ತಿದ್ದೀರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿ ನೋಡಿ. ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ಕರಲ್ಲಿ ಮೂವರ ಅಪರಾಧ ಸಾಬೀತೇ ಆಗಿಲ್ಲ. ಇವರಲ್ಲಿ ಪ್ರತಿಯೊಬ್ಬರಿಗೂ ಊಟ, ಕಾವಲು, ಕೋರ್ಟಿಗೆ ಕರೆತರುವ ವ್ಯಾನು. ಅವರ ಪರ ಮೂರು ವಾಕ್ಯ ಹೇಳುವ ವಕೀಲರ ಸಂಬಳ ಇದಕ್ಕಿಂತ ದುಬಾರಿ ಆಗಲು ಸಾಧ್ಯವೇ ಇಲ್ಲ.

ಜಾಮೀನು ಸಿಕ್ಕರೆ ಮುಗೀತು ಅಂದುಕೊಂಡವರಿಗೆ ಶ್ಯೂರಿಟಿ ಅನ್ನುವ ಇನ್ನೊಂದು ಬಾಗಿಲಿದೆ. 1978ರಲ್ಲಿ ಮೋತಿ ರಾಮ್ ಅನ್ನುವ ಗಾರೆ ಕೆಲಸದವನಿಗೆ ಮಧ್ಯಪ್ರದೇಶದಲ್ಲಿ ಹತ್ತು ಸಾವಿರದ ಶ್ಯೂರಿಟಿ ಕೇಳಿದರು. ಅವನ ತಮ್ಮ ಮುಂದೆ ಬಂದರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟ್ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಆದೇಶವನ್ನು ಹಿಗ್ಗಾಮುಗ್ಗಾ ಜಾಡಿಸಿ ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿದರು. ಅಷ್ಟು ವರ್ಷ ಕಳೆದ ಮೇಲೆ ನಮ್ಮ ಹುಡುಗನಿಗೆ ಜಾಮೀನು ಸಿಕ್ಕ ಮೇಲೂ ಎರಡು ದಿನ ಒಳಗೇ ಇರಬೇಕಾಯ್ತು. ಯಾಕಂದ್ರೆ ಚಿಕ್ಕಪ್ಪನ ಜಮೀನಿನ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ. ಇಡೀ ಕರ್ನಾಟಕದಲ್ಲಿ ಎಷ್ಟು ಪಹಣಿ ಸತ್ತವರ ಹೆಸರಲ್ಲಿದೆ ಅಂತ ನಿಮ್ಮ ಊರಿನಲ್ಲೇ ವಿಚಾರಿಸಿ. ಆ ಮೊಬೈಲ್ ಹುಡುಗನ ಕಡೆಯವರು ಬಾಡಿಗೆ ಮನೆಯವರು, ಪಹಣಿ ಅಂದ್ರೇನು ಅಂತಲೇ ಗೊತ್ತಿರಲಿಲ್ಲ. ನಮ್ಮವನು ಹೊರಗೆ ಬಂದ ದಿನವೂ ಅವನು ಒಳಗಿದ್ದ. ಜಾಮೀನು ಸಿಕ್ಕಿ ಏಳು ದಿನ ಆದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಆದೇಶ ಮಾಡಿದೆ. ಬಡ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು. ಆದೇಶಕ್ಕೆ, ಯೋಜನೆಗೆ ನಮ್ಮಲ್ಲಿ ಎಂದೂ ಬರ ಬಂದದ್ದಿಲ್ಲ.

ಹಾಗಾದರೆ ಖಾಸಗಿ ವಕೀಲರೇ ಬೇಡ ಅಂತ ನಾನು ಹೇಳ್ತಿದ್ದೀನಾ? ಇಲ್ಲ. ಎರಡನೇ ವಕೀಲರು ತಗೊಂಡ ದುಡ್ಡಿಗೆ ನಿಯತ್ತಾಗಿ ಕೆಲಸ ಮಾಡಿದರು. ನಿಮಗೆ ಬೇಕಾದವರನ್ನು ಇಟ್ಟುಕೊಳ್ಳೋದು ಸಂವಿಧಾನ ಕೊಟ್ಟ ಹಕ್ಕು. ಆದರೆ ಮೊದಲ ರಿಮ್ಯಾಂಡಿಗೆ ಉಚಿತ ವಕೀಲರನ್ನು ಕೇಳಿ, ಎರಡು ದಿನ ಸಮಾಧಾನವಾಗಿ ವಿಚಾರಿಸಿ ಆಮೇಲೆ ಖಾಸಗಿಯವರನ್ನು ಇಟ್ಟುಕೊಳ್ಳೋಕೆ ಯಾವ ಅಡ್ಡಿಯೂ ಇಲ್ಲ. ಶುಕ್ರವಾರ ರಾತ್ರಿಯ ಆ ಐವತ್ತು ಸಾವಿರ ಉಳಿಯೋದು ಇಲ್ಲಿ. ಇಟ್ಟುಕೊಳ್ಳುವಾಗ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಇದು ಯಾವ ಕೋರ್ಟಿನ ತನಕದ ಫೀಸು, ವಾಯಿದೆಗೆ ಬೇರೆ ಕೊಡಬೇಕಾ, ಖುದ್ದು ಅವರೇ ಬರ್ತಾರಾ ಅಥವಾ ಜೂನಿಯರ್ ಕಳಿಸ್ತಾರಾ. ಬರೆದುಕೊಡಲ್ಲ ಅಂದವರಿಗೆ ನಮಸ್ಕಾರ ಹಾಕಿ ಎದ್ದು ಬನ್ನಿ. ಫೀಸು ಬಾಕಿ ಅಂತ ಕಕ್ಷಿದಾರನ ಕಡತ ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಸಕ್ಸೇನಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ನಮ್ಮ ನಲವತ್ತು ಸಾವಿರ ಕಿತ್ತುಕೊಂಡದ್ದು ಆ ತೀರ್ಪಿನ ಮೂಗಿನ ಕೆಳಗೆ.

ಒಬ್ಬೊಬ್ಬರೇ ಹೀಗೆ ಹುಷಾರಾಗಿದ್ದರೆ ಸಾಲದು. ವಕೀಲರಿಗೆ ಗ್ರಾಹಕ ಕಾನೂನು ಬೇಡ ಅಂತಾದರೆ ಫೀಸಿನ ಒಪ್ಪಂದ ಲಿಖಿತವಾಗಿರಬೇಕು, ಪ್ರತಿ ಪಾವತಿಗೂ ರಸೀದಿ ಇರಬೇಕು ಅಂತ ವಕೀಲರ ಪರಿಷತ್ತೇ ಕಡ್ಡಾಯ ನಿಯಮ ಮಾಡಲಿ. ಆಟೋದಲ್ಲಿ ಮೀಟರ್ ಹಾಕಿಲ್ಲ ಅಂತ ದಿನಾ ಜಗಳ ಆಡುವ ಊರು ನಮ್ಮದು. ಮೂವತ್ತು ರೂಪಾಯಿಗೆ ಆಡುವ ಜಗಳವನ್ನು ಮೂರು ಲಕ್ಷಕ್ಕೆ ಯಾಕೆ ಆಡಲ್ಲ?

ಈ ಬರಹ ಮೊದಲು ಬ್ಲಾಗಿನಲ್ಲಿ ಬಂದಾಗ ಹಲವರು ‘ಯಾವ ಲಾಯರ್ ಒಳ್ಳೆಯವರು, ಹೆಸರು ಹೇಳಿ’ ಅಂತ ಮೆಸೇಜ್ ಮಾಡಿದ್ದರು. ಅವರಿಗೆ ಕಳಿಸಿದ್ದನ್ನೇ ಇಲ್ಲೂ ಬರೀತೀನಿ. ಕಾನೂನು ನೆರವಿನ ಸಹಾಯವಾಣಿ 15100, ಶುಲ್ಕ ಇಲ್ಲ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಜಿಲ್ಲಾ ಕೋರ್ಟುಗಳ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕಿನಲ್ಲಿ ಸಮಿತಿ ಇರುತ್ತೆ. ಮ್ಯಾಜಿಸ್ಟ್ರೇಟ್ ‘ವಕೀಲರಿದ್ದಾರಾ’ ಅಂತ ಕೇಳಿದಾಗ ‘ಇಲ್ಲ ಸ್ವಾಮಿ, ಕಾನೂನು ನೆರವಿನಿಂದ ಕೊಡಿ’ ಅಂತ ಹೇಳೋಕೆ ಕನ್ನಡ ಸಾಕು.